ಮನೆಗೆ ಹಣವಿದೆ, ನೆಲಕ್ಕೆ ದಾಖಲೆ ಎಲ್ಲಿದೆ?

(ಮೊಹಲ್ಲಾ ಪ್ರತಿನಿಧಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಸರಕಾರದ ವಸತಿ ಯೋಜನೆಗಳ ಕುರಿತು ಮಾತನಾಡಬೇಕೆಂದು ನಮಗೆ ಸೂಚಿಸಲಾಗಿದೆ. ಇಂಥ ಸಭೆಗಳಲ್ಲಿ ಯೋಜನೆಗಳ ಹೆಸರು ಹೇಳಿ, ಅರ್ಜಿ ಎಲ್ಲಿ ಸಲ್ಲಿಸಬೇಕೆಂದು ತಿಳಿಸಿ, ಸರಕಾರವನ್ನು ನಾಲ್ಕು ಮಾತು ಟೀಕಿಸಿ ಮುಗಿಸುವುದು ರೂಢಿ. ಟೀಕೆಗೆ ಕಾರಣಗಳಿವೆ, ಅದನ್ನು ನಾವೂ ಮಾಡಲಿದ್ದೇವೆ. ಆದರೆ ಪಟ್ಟಣಗಳಲ್ಲಿ ಬೇಗನೆ, ಹೆಚ್ಚು ಮನೆಗಳು ನಿರ್ಮಾಣವಾಗಲೆಂದು ಬೊಕ್ಕಸದಿಂದ ಹೊರಟ ಹಣವು ಒಂದು ಮೊಹಲ್ಲಾದ ಬಾಗಿಲವರೆಗೆ ಬಂದೂ ಒಳಗೆ ಕಾಲಿಡಲಾಗದೆ ನಿಂತುಬಿಡುವುದೇಕೆ ಎಂಬ ಪ್ರಶ್ನೆಯೂ ಇದೆ. ಇಂದು ಅದರ ಕುರಿತೇ ಹೆಚ್ಚು ಮಾತನಾಡಲು ಬಯಸುತ್ತೇವೆ.

ಮೊದಲು ಕೊರತೆಯ ಸ್ವರೂಪವನ್ನು ನೋಡೋಣ. 2012ರಲ್ಲಿ ಪ್ರೊ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಾಂತ್ರಿಕ ಸಮಿತಿಯು ದೇಶದ ಪಟ್ಟಣಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜಿಸಿತು. ಅದರಲ್ಲಿ ಶೇ. 96ರಷ್ಟು ಕೊರತೆ ದುರ್ಬಲ ವರ್ಗ ಮತ್ತು ಕಡಿಮೆ ಆದಾಯದವರದ್ದು. ಇದೇ ಕುಂಡು ಅವರು ಮುಂದೆ ಸಾಚಾರ್ ವರದಿಯ ಜಾರಿಯನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಅವರ ವಸತಿ ವರದಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ 1.88 ಕೋಟಿಯ ಪೈಕಿ ಬೀದಿಯಲ್ಲಿ ಮಲಗುವವರ ಸಂಖ್ಯೆ ಚಿಕ್ಕದು. ಸುಮಾರು 1.5 ಕೋಟಿ ಕುಟುಂಬಗಳು ಇಕ್ಕಟ್ಟಿನಲ್ಲಿರುವವು. ತಲೆಯ ಮೇಲೆ ಸೂರೇನೋ ಇದೆ, ಆದರೆ ಮದುವೆಯಾದ ದಂಪತಿಗೆ ಪ್ರತ್ಯೇಕ ಕೋಣೆಯಿಲ್ಲ. ಒಂದೇ ಹಂಚಿನ ಮನೆಯಲ್ಲಿ ಮೂವರು ಸಹೋದರರು, ಅವರ ಪತ್ನಿಯರು, ಬೆಳೆದು ನಿಂತ ಮಕ್ಕಳು, ಮೂಲೆಯ ಮಂಚದಲ್ಲಿ ವೃದ್ಧ ತಾಯಿ. ನಡುವೆ ಗೋಡೆಯ ಬದಲು ಪರದೆ. ಈ ಚಿತ್ರವನ್ನು ನಿಮಗೆ ವಿವರಿಸಬೇಕಾದ ಅಗತ್ಯವಿಲ್ಲ.

ಇದೇ ಹೊತ್ತಿನಲ್ಲಿ 2011ರ ಜನಗಣತಿಯು ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿವೆಯೆಂದೂ ತಿಳಿಸಿತ್ತು. ಒಂದು ಕಡೆ ಪರದೆಯ ಮರೆಯ ಸಂಸಾರಗಳು, ಇನ್ನೊಂದು ಕಡೆ ಬೆಲೆ ಏರಲೆಂದು ಬೀಗ ಹಾಕಿಟ್ಟ ಫ್ಲ್ಯಾಟ್‌ಗಳು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಬಡವನಿಗೆ ಮನೆ ದೊರೆಯದೆಂಬುದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ವಸತಿಯು ಆಡಳಿತದ ಹೊಣೆ ಎಂಬುದು ಇಸ್ಲಾಮಿಗೆ ಹೊಸ ವಿಚಾರವಲ್ಲ. ಪ್ರವಾದಿ ವರ್ಯರು(ಸ) ಮದೀನಾಕ್ಕೆ ವಲಸೆ ಬಂದ ಬಳಿಕ ಮುಹಾಜಿರ್‌ಗಳಿಗೆ ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನು ಗುರುತಿಸಿಕೊಟ್ಟರು. ಮನೆಯಿಲ್ಲದವರಿಗೆ ಮಸ್ಜಿದ್‌ನ ಸುಫ್ಫಾ ಆಶ್ರಯವಾಗಿತ್ತು. ಹ. ಉಮರ್(ರ) ಅವರ ಆಡಳಿತದಲ್ಲಿ ಕೂಫಾ ಪಟ್ಟಣ ತಲೆಯೆತ್ತಿದಾಗ ಜೊಂಡಿನ ಮನೆಗಳು ಬೆಂಕಿಗೆ ಆಹುತಿಯಾದವು. ಆಗ ಅವರು ಇಟ್ಟಿಗೆಯಲ್ಲಿ ಕಟ್ಟಲು ಅನುಮತಿ ನೀಡಿದರಾದರೂ, ಯಾರೂ ಮೂರಕ್ಕಿಂತ ಹೆಚ್ಚು ಕೋಣೆಗಳನ್ನು ಕಟ್ಟಬಾರದೆಂದು ವಿಧಿಸಿದ್ದಾಗಿ ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಎಲ್ಲರಿಗೂ ಮನೆ ಎಂದರೆ ಕೆಲವರಿಗೆ ಮಿತಿ ಎಂದೂ ಅರ್ಥ. ಇಂದಿನ ಯಾವ ವಸತಿ ನೀತಿಯೂ ಆ ಎರಡನೆಯ ಭಾಗವನ್ನು ಹೇಳುವ ಧೈರ್ಯ ತೋರಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 1985ರ ಹೊತ್ತಿಗೆ ಇಂದಿರಾ ಆವಾಸ್, 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಆಶ್ರಯ, 2005ರಲ್ಲಿ ಜೆ-ನರ್ಮ್, ಹೀಗೆ ಸರಕಾರಗಳು ಬದಲಾದಂತೆ ಹೆಸರುಗಳೂ ಬದಲಾದವು. ಕರ್ನಾಟಕದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಹೆಸರಿನಲ್ಲಿ ಗ್ರಾಮೀಣವಾದರೂ ಪಟ್ಟಣಗಳ ಯೋಜನೆಗಳನ್ನೂ ನಿರ್ವಹಿಸುತ್ತದೆ. 2015ರ ಜೂನ್ 25ರಂದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಆರಂಭವಾಯಿತು. 2022ರೊಳಗೆ ಎಲ್ಲರಿಗೂ ಮನೆ ಎಂಬುದು ಘೋಷಣೆಯಾಗಿತ್ತು. 2022 ಬಂದು ಹೋಯಿತು. ಅವಧಿಯನ್ನು ವಿಸ್ತರಿಸಲಾಯಿತು. ಸುಮಾರು 1.18 ಕೋಟಿ ಮನೆಗಳಿಗೆ ಮಂಜೂರಾತಿ ದೊರೆಯಿತು. 2024ರ ಸೆಪ್ಟೆಂಬರ್‌ನಿಂದ ಅದರ ಎರಡನೆಯ ಆವೃತ್ತಿ ಜಾರಿಯಲ್ಲಿದೆ. ಐದು ವರ್ಷಗಳಲ್ಲಿ ಇನ್ನೂ 1 ಕೋಟಿ ಪಟ್ಟಣವಾಸಿ ಕುಟುಂಬಗಳಿಗೆ ನೆರವು, ಅದಕ್ಕೆ ಸರಕಾರದ ಕಡೆಯಿಂದ 2.30 ಲಕ್ಷ ಕೋಟಿ ರೂಪಾಯಿ ಎಂಬುದು ಅದರ ಗುರಿ.

ಈ ಯೋಜನೆಯ ಆದ್ಯತಾ ಪಟ್ಟಿಯಲ್ಲಿ ವಿಧವೆಯರು, ಒಂಟಿ ಮಹಿಳೆಯರು, ಅಂಗವಿಕಲರು, ಹಿರಿಯ ನಾಗರಿಕರು, ಪರಿಶಿಷ್ಟರು ಇವರೊಂದಿಗೆ ಅಲ್ಪಸಂಖ್ಯಾತರ ಹೆಸರೂ ಇದೆ. ಬೀದಿ ಬದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು ಇದ್ದಾರೆ. ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯಿಂದ ಗಾರೆ ಕೆಲಸದವರೆಗೆ ನಮ್ಮ ಮೊಹಲ್ಲಾಗಳ ಅರ್ಧ ಜನ ಈ ಪಟ್ಟಿಯೊಳಗೇ ಬರುತ್ತಾರೆ. ಹಾಗಾದರೆ ತೊಡಕು ಎಲ್ಲಿದೆ?

ಯೋಜನೆಯೊಳಗೆ ಪ್ರವೇಶಿಸಲು ಕೆಲವೇ ಬಾಗಿಲುಗಳಿವೆ. ಒಂದು, ಬ್ಯಾಂಕಿನಿಂದ ಗೃಹಸಾಲ ಪಡೆದವನಿಗೆ ಬಡ್ಡಿಯ ಒಂದಂಶವನ್ನು ಸರಕಾರ ಭರಿಸುವುದು. ಇದರಲ್ಲಿ ಗರಿಷ್ಠ ನೆರವು 1.80 ಲಕ್ಷ ರೂಪಾಯಿ. ಬಡ್ಡಿಯಿಂದ ದೂರವಿರಲು ಬಯಸುವ ಮುಸ್ಲಿಮನು ಈ ಬಾಗಿಲಿನ ಮುಂದೆ ತಾನಾಗಿಯೇ ನಿಲ್ಲುತ್ತಾನೆ. ನಿಲ್ಲದೆ ಒಳಹೋಗಲು ಯತ್ನಿಸಿದವನ ಕಥೆಯೂ ಸುಖದ್ದಲ್ಲ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿರುವುದನ್ನು 2006ರಲ್ಲೇ ಸಾಚಾರ್ ಸಮಿತಿ ಬೆಳಕಿಗೆ ತಂದಿತ್ತು. ಎರಡನೆಯದು, ಸರಕಾರ ಅಥವಾ ಖಾಸಗಿಯವರ ಸಹಭಾಗಿತ್ವದಲ್ಲಿ ಕಟ್ಟಿದ ಬಹುಮಹಡಿ ವಸತಿ ಸಮುಚ್ಚಯದಲ್ಲಿ ಒಂದು ಫ್ಲ್ಯಾಟ್. ಇದಕ್ಕೆ ಫಲಾನುಭವಿಯ ವಂತಿಗೆಯೇ ಲಕ್ಷಗಳಲ್ಲಿರುತ್ತದೆ. ಅದನ್ನು ತುಂಬಲು ಮತ್ತೆ ಬ್ಯಾಂಕಿನ ಮೆಟ್ಟಿಲು. ಬಾಡಿಗೆ ಮನೆಗಳ ಒಂದು ವಿಭಾಗವೂ ಇದೆ, ಅದರ ಕುರಿತು ಆಮೇಲೆ ಹೇಳುತ್ತೇವೆ.

ಉಳಿದದ್ದು, ಮತ್ತು ಎಲ್ಲಕ್ಕಿಂತ ಅಗಲವಾದದ್ದು, ಫಲಾನುಭವಿಯೇ ತನ್ನ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವ ವಿಭಾಗ. ಮೊದಲ ಆವೃತ್ತಿಯಲ್ಲಿ ಮಂಜೂರಾದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಾಗಿಲಿನಿಂದಲೇ ಬಂದವು. ವಾರ್ಷಿಕ 3 ಲಕ್ಷ ರೂಪಾಯಿಯೊಳಗಿನ ಆದಾಯ, ದೇಶದಲ್ಲೆಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದಿರುವುದು, ಕಳೆದ 20 ವರ್ಷಗಳಲ್ಲಿ ಸರಕಾರಿ ವಸತಿ ಯೋಜನೆಯ ಲಾಭ ಪಡೆಯದಿರುವುದು, ಇಷ್ಟು ಅರ್ಹತೆಯಿದ್ದರೆ ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ ರೂಪಾಯಿ ದೊರೆಯುತ್ತದೆ. ಇದು ಸಾಲವಲ್ಲ, ಸಹಾಯಧನ. ಬಡ್ಡಿಯ ಸೋಂಕಿಲ್ಲ. ಮನೆಯು ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಗಂಡ-ಹೆಂಡತಿಯ ಜಂಟಿ ಹೆಸರಿನಲ್ಲಿರಬೇಕೆಂಬ ನಿಯಮವೂ ಇದೆ. ಅದನ್ನು ನಾವು ಮನಃಪೂರ್ವಕ ಸ್ವಾಗತಿಸಬೇಕು.

ಆದರೆ ಈ ಬಾಗಿಲಿಗೆ ಒಂದು ಬೀಗವಿದೆ. ನಿವೇಶನವು ಅರ್ಜಿದಾರನದ್ದೇ ಎಂದು ತೋರಿಸುವ ದಾಖಲೆ ಬೇಕು. ಅಂದರೆ, ಬಡ್ಡಿಯಿಲ್ಲದ ಬಾಗಿಲೇ ದಾಖಲೆ ಕೇಳುವ ಬಾಗಿಲು. ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳು ಇಲ್ಲಿ ಎಡವುತ್ತವೆ.

ದಾಖಲೆ ಏಕಿಲ್ಲ? ಕಾರಣಗಳನ್ನು ಒಂದೊಂದಾಗಿ ನೋಡಿದರೆ, ಕೆಲವು ನಮ್ಮ ಕೈಮೀರಿದವು. ಸರಕಾರಿ ಜಾಗದಲ್ಲಿ ದಶಕಗಳಿಂದ ನೆಲೆಸಿರುವ ಕೊಳಗೇರಿಗಳಿವೆ. ಅವುಗಳನ್ನು ಕೊಳಗೇರಿ ಅಭಿವೃದ್ಧಿ ಮಂಡಳಿಯು ಘೋಷಿಸಬೇಕು, ಹಕ್ಕುಪತ್ರ ನೀಡಬೇಕು. ಅದಕ್ಕೆ 1973ರ ಕಾಯಿದೆಯೇ ಇದೆ. ಸರಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯಿದೆಯಲ್ಲಿ 94ಸಿಸಿ ಎಂಬ ಕಲಮು ಇದೆ. ನಿವೇಶನರಹಿತರಿಗೆ ರಾಜ್ಯ ಸರಕಾರಗಳು ಪಟ್ಟಾ ನೀಡಿ ಮನೆ ಕಟ್ಟಲು ನೆರವಾಗಬಹುದೆಂದು ಹೊಸ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಇಲ್ಲಿ ಕೇಳಬೇಕಾದವರು ನಾವು, ಕೊಡಬೇಕಾದವರು ಅವರು. ಕೆಲವು ಊರುಗಳಲ್ಲಿ ವಕ್ಫ್ ಜಾಗದಲ್ಲಿ ಅಲ್ಪ ಬಾಡಿಗೆಗೆ ತಲೆಮಾರುಗಳಿಂದ ವಾಸಿಸುವವರಿದ್ದಾರೆ. ವಕ್ಫ್ ಆಸ್ತಿಯು ಯಾರ ಸ್ವಂತಕ್ಕೂ ಹೋಗತಕ್ಕದ್ದಲ್ಲ. ಆದ್ದರಿಂದ ಅಂಥವರು ಈ ವಿಭಾಗವನ್ನು ಬಿಟ್ಟು ಬೇರೆಯದನ್ನು ನೋಡಬೇಕಾಗುತ್ತದೆ.

ಇನ್ನು ಕಂದಾಯ ಬಡಾವಣೆಗಳು. ಪಟ್ಟಣದ ಅಂಚಿನ ಹೊಲವನ್ನು ಭೂಪರಿವರ್ತನೆ ಮಾಡಿಸದೆ, ನಕ್ಷೆ ಅನುಮೋದನೆಯಿಲ್ಲದೆ ತುಂಡು ಮಾಡಿ ಮಾರುವವನು ನಮ್ಮ ಜನರಿಗೆ ಅಗ್ಗದ ದರ ಹೇಳುತ್ತಾನೆ. ಗಲ್ಫ್‌ನಲ್ಲಿ ದುಡಿದ ಹಣ, ಬೀಡಿ ಕಟ್ಟಿ ಉಳಿಸಿದ ಹಣ, ಮಗಳ ಒಡವೆ ಮಾರಿದ ಹಣ ಅವನ ಕೈ ಸೇರುತ್ತದೆ. ಪ್ರತಿಯಾಗಿ ದೊರೆಯುವುದು ಒಂದು ಸ್ಟ್ಯಾಂಪ್ ಕಾಗದದ ಕರಾರು ಮತ್ತು ಜಿಪಿಎ. ಜಿಪಿಎ ಮೂಲಕ ನಡೆಯುವ ಇಂಥ ಮಾರಾಟದಿಂದ ಮಾಲೀಕತ್ವ ವರ್ಗಾವಣೆಯಾಗದೆಂದು ಸುಪ್ರೀಮ್ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಇಂದಿಗೂ ವ್ಯವಹಾರ ನಿಂತಿಲ್ಲ. 2025ರಲ್ಲಿ ರಾಜ್ಯ ಸರಕಾರವು ಪಟ್ಟಣಗಳ ಇಂಥ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ ಕೈಗೊಂಡಿತು. ಬಿ-ಖಾತಾ ಎಂಬುದು ತೆರಿಗೆ ಪಟ್ಟಿಯಲ್ಲಿ ಹೆಸರು ದಾಖಲಾಗುವ ಏರ್ಪಾಡು. ಅದರಿಂದ ಮಾತ್ರಕ್ಕೆ ಬಡಾವಣೆ ಅಧಿಕೃತವಾಗುವುದಿಲ್ಲ. ಅದನ್ನೇ ಹಕ್ಕುಪತ್ರವೆಂದು ನಂಬಿಸಿ ಮತ್ತೊಬ್ಬರಿಗೆ ಮಾರುವವರೂ ಹುಟ್ಟಿಕೊಂಡಿದ್ದಾರೆ. ಜಾಗರೂಕರಾಗಿರಿ.

ಇಲ್ಲೊಂದು ಘಟನೆ ನೆನಪಾಗುತ್ತದೆ. ಮಸ್ಜಿದುನ್ನಬವಿಯ ಜಾಗವು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಉಚಿತವಾಗಿ ನೀಡುವ ಕೊಡುಗೆ ಬಂದಾಗಲೂ ಪ್ರವಾದಿ ವರ್ಯರು(ಸ) ಒಪ್ಪಲಿಲ್ಲ. ಬೆಲೆ ತೆತ್ತ ನಂತರವೇ ಅಲ್ಲಿ ಮಸ್ಜಿದ್ ನಿರ್ಮಾಣವಾಯಿತು. ಇಡೀ ಮದೀನಾ ಅವರ ಒಂದು ಸನ್ನೆಗೆ ಕಾಯುತ್ತಿದ್ದ ದಿನಗಳಲ್ಲಿ ಇಬ್ಬರು ಹುಡುಗರ ನೆಲದ ಹಕ್ಕನ್ನು ಮೊದಲು ತೀರಿಸಲಾಯಿತು.

ಈಗ ಎಲ್ಲಕ್ಕಿಂತ ದೊಡ್ಡ ಕಾರಣಕ್ಕೆ ಬರುತ್ತೇವೆ. ಇದು ಸರಕಾರದ್ದಲ್ಲ, ಬಡಾವಣೆ ಮಾರುವವನದ್ದೂ ಅಲ್ಲ. ಹಳೆಯ ಮೊಹಲ್ಲಾಗಳಿಗೆ ಹೋಗಿ ಖಾತೆ ಯಾರ ಹೆಸರಿನಲ್ಲಿದೆಯೆಂದು ವಿಚಾರಿಸಿ ನೋಡಿ. ತಂದೆಯ ಹೆಸರಿನಲ್ಲಿದೆ ಎನ್ನುತ್ತಾರೆ. ತಂದೆ ತೀರಿಕೊಂಡು 25 ವರ್ಷವಾಗಿರುತ್ತದೆ. ಅಜ್ಜನ ಹೆಸರಿನಲ್ಲಿದೆ ಎನ್ನುವ ಮನೆಗಳೂ ಸಿಗುತ್ತವೆ. ಮೂರು ತಲೆಮಾರುಗಳಿಂದ ಆಸ್ತಿ ವಿಭಾಗವಾಗಿಲ್ಲ. ಪೌತಿ ಖಾತೆಯಾಗಿಲ್ಲ. ಏಕೆಂದು ಕೇಳಿದರೆ, ಸಹೋದರರಲ್ಲಿ ಹೊಂದಾಣಿಕೆಯಿಲ್ಲ ಎಂಬ ಉತ್ತರ ಬರುತ್ತದೆ. ಇನ್ನೂ ಸ್ವಲ್ಪ ಕೆದಕಿದರೆ ನಿಜವಾದ ಕಾರಣ ಹೊರಬೀಳುತ್ತದೆ. ವಿಭಾಗ ಮಾಡಿದರೆ ಸಹೋದರಿಯರಿಗೆ ಪಾಲು ಕೊಡಬೇಕಾಗುತ್ತದೆ!

ಸಹೋದರರೇ, ಇಸ್ಲಾಮೀ ವಾರೀಸು ನಿಯಮದಲ್ಲಿ ಒಬ್ಬ ವ್ಯಕ್ತಿ ಮರಣ ಹೊಂದಿದ ಕ್ಷಣದಲ್ಲೇ, ಅವನ ಸಾಲ ಮತ್ತು ವಸಿಯ್ಯತ್‌ಗೆ ಒಳಪಟ್ಟು, ಆಸ್ತಿಯ ಮೇಲಿನ ಹಕ್ಕು ಎಲ್ಲ ವಾರೀಸುದಾರರಿಗೆ ಹೋಗುತ್ತದೆ. ಯಾರೂ ಯಾರಿಗೂ 'ಕೊಡುವ' ಪ್ರಶ್ನೆ ಇಲ್ಲಿ ಇಲ್ಲ. ಸಹೋದರಿಯ ಪಾಲು ಸಹೋದರಿಯದ್ದೇ. ಅದನ್ನು 25 ವರ್ಷ ತಡೆಹಿಡಿದವನು ದಾನಿಯಾಗಲು ಮೀನಮೇಷ ಎಣಿಸುತ್ತಿರುವುದಲ್ಲ, ಪರರ ನೆಲದಲ್ಲಿ ಕುಳಿತಿರುವುದು. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕುರಿತ ಎಚ್ಚರಿಕೆಯನ್ನು ನಾವು ಜುಮಾ ಖುತ್ಬಾಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಅದು ಪಕ್ಕದ ಮನೆಯವನ ಬೇಲಿಗೆ ಮಾತ್ರ ಅನ್ವಯಿಸುತ್ತದೆಂದು ಯಾರು ಹೇಳಿದರು?

ಒಂದು ಲೆಕ್ಕವನ್ನು ಮುಂದಿಡುತ್ತೇವೆ. 30×40 ಅಳತೆಯ ಒಂದು ನಿವೇಶನ, ಒಟ್ಟು 1,200 ಚದರ ಅಡಿ. ಯಜಮಾನ ತೀರಿಕೊಂಡಾಗ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರು. ಸಾಲವಿಲ್ಲ, ವಸಿಯ್ಯತ್ ಇಲ್ಲ, ಅವನ ತಂದೆ-ತಾಯಿ ಮೊದಲೇ ತೀರಿಕೊಂಡಿದ್ದಾರೆ. ಅನ್ನಿಸಾ ಅಧ್ಯಾಯದ ನಿಯಮದಂತೆ ಪತ್ನಿಗೆ ಎಂಟನೆಯ ಒಂದು ಭಾಗ, ಅಂದರೆ 150 ಚದರ ಅಡಿ. ಉಳಿದ 1,050ರಲ್ಲಿ ಪ್ರತಿ ಗಂಡುಮಗನಿಗೆ 350, ಪ್ರತಿ ಹೆಣ್ಣುಮಗಳಿಗೆ 175. ಶಾಲೆಯ ಹುಡುಗ ಐದು ನಿಮಿಷದಲ್ಲಿ ಮಾಡುವ ಲೆಕ್ಕವಿದು. ಇದನ್ನು ಐದು ನಿಮಿಷದಲ್ಲಿ ಮಾಡದ ಕುಟುಂಬವು 25 ವರ್ಷ ಸರಕಾರದ ಯಾವ ನೆರವಿಗೂ ಅರ್ಜಿ ಹಾಕಲಾಗದೆ, ಸೋರುವ ಹಂಚಿನ ಕೆಳಗೆ, ಪರದೆಯ ಮರೆಯಲ್ಲಿ ಬದುಕುತ್ತದೆ. ಹಂಚು ಬದಲಿಸಲು ಸಹ ಒಬ್ಬ ಇನ್ನೊಬ್ಬನ ಮುಖ ನೋಡುತ್ತಾನೆ.

175 ಚದರ ಅಡಿಯಲ್ಲಿ ಏನು ಕಟ್ಟುವುದು ಎಂಬ ಪ್ರಶ್ನೆ ಸಹಜವೇ. ಪಾಲನ್ನು ನೆಲದಲ್ಲೇ ಗೆರೆ ಎಳೆದು ಕೊಡಬೇಕೆಂದಿಲ್ಲ. ಇಂದಿನ ಬೆಲೆ ಕಟ್ಟಿಸಿ, ಹಣವಾಗಿ ಕೊಟ್ಟು, ನೋಂದಾಯಿತ ಪತ್ರದ ಮೂಲಕ ಹಕ್ಕು ಬಿಡಿಸಿಕೊಳ್ಳಬಹುದು. ಸಹೋದರರಿಬ್ಬರು ಕೆಳಗೊಂದು ಮೇಲೊಂದು ಮನೆ ಕಟ್ಟುವ ಒಪ್ಪಂದಕ್ಕೆ ಬರಬಹುದು. ಹಣವನ್ನು ಕಂತುಗಳಲ್ಲಿ ಕೊಡಲು ಸಹೋದರಿ ಒಪ್ಪಬಹುದು. ಕುಟುಂಬದೊಳಗಿನ ವಿಭಾಗ ಪತ್ರಕ್ಕೆ ಮುದ್ರಾಂಕ ಶುಲ್ಕವು ಕ್ರಯಪತ್ರದಷ್ಟು ಭಾರವಲ್ಲ. ಆದರೆ ಒಪ್ಪಿಗೆಯು ನಿಜವಾದ ಒಪ್ಪಿಗೆಯಾಗಿರಬೇಕು. ಈದ್‌ಗೆ ಒಂದು ಜೊತೆ ಬಟ್ಟೆ ತಂದುಕೊಟ್ಟು, 'ಇಲ್ಲಿ ಸಹಿ ಹಾಕಕ್ಕಾ, ಖಾತೆ ಬದಲಾವಣೆಗೆ ಬೇಕಂತೆ' ಎನ್ನುವುದು ಒಪ್ಪಿಗೆಯಲ್ಲ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಅವಳು ಒತ್ತಿದ ಹೆಬ್ಬೆಟ್ಟು ಉಪನೋಂದಣಾಧಿಕಾರಿಗೆ ಸಾಕಾಗಬಹುದು, ಅಲ್ಲಾಹನ ಬಳಿ ಸಾಕಾಗದು.

ವಂಶವೃಕ್ಷದ ವಿಷಯವೂ ಹೀಗೆಯೇ. ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರದೊಂದಿಗೆ ವಂಶವೃಕ್ಷವನ್ನು ಕೇಳುತ್ತಾರೆ. ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಯಿಸುವ ಪರಿಪಾಠ ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮಲ್ಲೂ ಇದೆ. ಸುಳ್ಳು ಪ್ರಮಾಣವೆಂಬ ಪಾಪದೊಂದಿಗೆ ಇದರಲ್ಲಿ ಲೌಕಿಕ ನಷ್ಟವೂ ಇದೆಯೆಂಬುದನ್ನು ಗಮನಿಸಬೇಕು. ನಾಳೆ ಆ ಸಹೋದರಿಯೋ ಅವಳ ಮಗನೋ ನ್ಯಾಯಾಲಯಕ್ಕೆ ಹೋದರೆ ಖಾತೆಯೂ ಹೋಗುತ್ತದೆ, ಅದರ ಆಧಾರದಲ್ಲಿ ಮಂಜೂರಾದ ಮನೆಯೂ ಅರ್ಧಕ್ಕೆ ನಿಲ್ಲುತ್ತದೆ.

1937ರ ಶರೀಅತ್ ಅನ್ವಯ ಕಾಯಿದೆ ಏಕೆ ಬಂತೆಂಬುದನ್ನು ನಮ್ಮ ಯುವಕರು ಓದಿ ತಿಳಿಯಬೇಕು. ಅಂದಿನ ಅನೇಕ ಪ್ರಾಂತಗಳಲ್ಲಿ ಮುಸ್ಲಿಮ್ ಮಹಿಳೆಗೆ ರೂಢಿಯ ಹೆಸರಿನಲ್ಲಿ ವಾರೀಸು ಹಕ್ಕನ್ನು ನಿರಾಕರಿಸಲಾಗುತ್ತಿತ್ತು. ಆ ರೂಢಿಗಳನ್ನು ಬದಿಗೆ ಸರಿಸಿ ಶರೀಅತ್ ಅನ್ವಯಿಸಬೇಕೆಂಬುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. 2024ರಲ್ಲಿ ಉತ್ತರಾಖಂಡವು ಸಮಾನ ನಾಗರಿಕ ಸಂಹಿತೆಯನ್ನು ಅಂಗೀಕರಿಸಿದಾಗ ವೈಯಕ್ತಿಕ ಕಾನೂನಿನ ಪರವಾಗಿ ಎಷ್ಟು ಸಭೆಗಳು ನಡೆದವು! ಅವು ನಡೆಯಬೇಕಾದದ್ದೇ. ಆದರೆ ವೇದಿಕೆಯಲ್ಲಿ ಶರೀಅತ್ ರಕ್ಷಣೆಯ ಘೋಷಣೆ ಕೂಗಿದವನ ಮನೆಯ ಖಾತೆಯಲ್ಲಿ ಅವನ ಸಹೋದರಿಯ ಹೆಸರಿಲ್ಲವೆಂದರೆ ವಿರೋಧಿಗಳಿಗೆ ನಾವು ಏನೆಂದು ಉತ್ತರಿಸಬೇಕು?

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ತಂದೆಗಿಂತ ಮೊದಲು ಮಗ ತೀರಿಕೊಂಡು, ಅವನ ಹೆಂಡತಿ ಮಕ್ಕಳು ಅಜ್ಜನ ಮನೆಯಲ್ಲೇ ಉಳಿದಿರುತ್ತಾರೆ. ಬೇರೆ ಗಂಡುಮಕ್ಕಳಿದ್ದರೆ ಈ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರೀಸು ಪಾಲು ಬರುವುದಿಲ್ಲ. ಆದರೆ ಅಜ್ಜನು ಬದುಕಿರುವಾಗಲೇ ಅವರಿಗೆ ಹಿಬಾ ಮಾಡಬಹುದು. ಮೂರನೆಯ ಒಂದು ಭಾಗದ ಮಿತಿಯೊಳಗೆ ವಸಿಯ್ಯತ್ ಬರೆಯಬಹುದು. ಶರೀಅತ್ ಈ ದಾರಿಯನ್ನು ತೆರೆದಿಟ್ಟಿದೆ. ಬಳಸುವವರು ಕಡಿಮೆ. ಅಜ್ಜ ಕಣ್ಣುಮುಚ್ಚಿದ ಮರುವಾರವೇ ಆ ವಿಧವೆ ಮಕ್ಕಳೊಂದಿಗೆ ಬಾಡಿಗೆ ಕೋಣೆ ಹುಡುಕುತ್ತ ಹೊರಡುತ್ತಾಳೆ. ಯೋಜನೆಯ ಆದ್ಯತಾ ಪಟ್ಟಿಯ ಮೊದಲ ಸಾಲಿನಲ್ಲಿರುವವಳು ಅವಳೇ, ಆದರೆ ಅವಳ ಕೈಯಲ್ಲಿ ನಿವೇಶನವಿಲ್ಲ!

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸರಕಾರವನ್ನು ಬಿಟ್ಟುಬಿಡಬೇಕೆಂದಲ್ಲ. 2015ರಲ್ಲಿ ಕೇಂದ್ರವು ಒಂದು ಮನೆಗೆ ನೀಡುತ್ತಿದ್ದುದು 1.5 ಲಕ್ಷ ರೂಪಾಯಿ. 2024ರ ಹೊಸ ಯೋಜನೆಯಲ್ಲೂ ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ಅದೇ 1.5 ಲಕ್ಷ. ಈ ನಡುವೆ ಸಿಮೆಂಟು, ಕಬ್ಬಿಣ, ಮರಳು, ಮೇಸ್ತ್ರಿಯ ಕೂಲಿ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ದೆಹಲಿಯಲ್ಲಿ ಕುಳಿತವರಿಗೆ ತಿಳಿಯದ್ದೇನಲ್ಲ. ಜೆ-ನರ್ಮ್ ಮತ್ತಿತರ ಹಳೆಯ ಯೋಜನೆಗಳಲ್ಲಿ ಕಟ್ಟಿದ 1 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿವೆಯೆಂದು 2020ರಲ್ಲಿ ಸರಕಾರವೇ ಹೇಳಿಕೊಂಡಿತು. ಆ ವರ್ಷದ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ನೂರಾರು ಮೈಲು ನಡೆದ ನಂತರ, ಆ ಮನೆಗಳನ್ನು ಬಾಡಿಗೆಗೆ ಕೊಡುವ ಯೋಚನೆ ಹೊಳೆಯಿತು. ನಾವು ಆಗಲೇ ಹೇಳಿದ ಬಾಡಿಗೆ ವಿಭಾಗದ ಮೂಲ ಇದು. ನಮ್ಮ ಸಮುದಾಯದಲ್ಲಿ ಬಾಡಿಗೆದಾರರು ಅಪಾರ. ಬೇರೆ ಬಡಾವಣೆಗಳಲ್ಲಿ ಹೆಸರು ಕೇಳಿಯೇ ಮನೆ ಇಲ್ಲವೆನ್ನುವವರಿರುವುದರಿಂದ, ಎಲ್ಲರೂ ಒಂದೇ ಮೊಹಲ್ಲಾದಲ್ಲಿ ತುಂಬಿಕೊಂಡು ಅಲ್ಲಿನ ಬಾಡಿಗೆಯನ್ನೂ ಏರಿಸಿಕೊಳ್ಳುತ್ತಾರೆ. ಬಾಡಿಗೆ ವಸತಿ ವಿಭಾಗಕ್ಕೆ ಜೀವ ತುಂಬಬೇಕೆಂದು ನಗರಸಭೆ, ಪುರಸಭೆಗಳ ಮುಂದೆ ಒತ್ತಾಯ ಮಾಡಬೇಕು. ಅದರಲ್ಲಿ ನಿವೇಶನದ ದಾಖಲೆ ಬೇಕಿಲ್ಲ, ಬಡ್ಡಿಯೂ ಇಲ್ಲ.

ಮೀಸಲು ಪಾಲಿನ ಕುರಿತು. 2006ರಲ್ಲಿ ಪ್ರಕಟವಾದ ಪ್ರಧಾನಮಂತ್ರಿಯವರ ಹೊಸ 15 ಅಂಶಗಳ ಕಾರ್ಯಕ್ರಮವು, ಸಾಧ್ಯವಾದಲ್ಲೆಲ್ಲ ಯೋಜನೆಗಳ ಗುರಿ ಮತ್ತು ವೆಚ್ಚದ ಶೇ. 15ನ್ನು ಅಲ್ಪಸಂಖ್ಯಾತರಿಗೆ ಮೀಸಲಿಡಬೇಕೆಂದಿತ್ತು. ಅದನ್ನು ಆಧರಿಸಿ ಕರ್ನಾಟಕ ಸಚಿವ ಸಂಪುಟವು 2025ರ ಜೂನ್‌ನಲ್ಲಿ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ನಿರ್ಧರಿಸಿತು. ಬಿಜೆಪಿಯು ಇದನ್ನು ಓಲೈಕೆಯೆಂದು ಕರೆಯಿತು. ಅಲ್ಪಸಂಖ್ಯಾತರೆಂದರೆ ಮುಸ್ಲಿಮರು ಮಾತ್ರವಲ್ಲ, ಕ್ರೈಸ್ತರು, ಜೈನರು, ಬೌದ್ಧರು, ಸಿಖ್ಖರು, ಪಾರ್ಸಿಗಳೂ ಸೇರುತ್ತಾರೆಂಬುದನ್ನು ಹೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಅದೇ ತಿಂಗಳು, ಮನೆ ಮಂಜೂರಾತಿಗೆ ಲಂಚ ಪಡೆಯಲಾಗುತ್ತಿದೆಯೆಂದು ಆಡಳಿತ ಪಕ್ಷದ ಶಾಸಕ ಬಿ.ಆರ್. ಪಾಟೀಲರೇ ಆರೋಪಿಸಿದರು. ವಸತಿ ಸಚಿವರು ಅದನ್ನು ಅಲ್ಲಗಳೆದರು. ಸಚಿವರು ನಮ್ಮ ಸಮುದಾಯದವರೆಂಬ ಕಾರಣಕ್ಕೆ ನಾವು ಆರೋಪವನ್ನು ಹಗುರವಾಗಿ ಕಾಣಬೇಕಾಗಿಲ್ಲ, ಅದೇ ಕಾರಣಕ್ಕೆ ಇತರರು ಅದನ್ನು ಹಿಗ್ಗಿಸಬೇಕಾಗಿಯೂ ಇಲ್ಲ. ಯಾರ ಆಡಳಿತವಾದರೂ ಲಂಚ ಕೊಡುವುದು ಹರಾಮ್, ಪಡೆಯುವುದೂ ಹರಾಮ್. ಪಟ್ಟಿಯಲ್ಲಿ ಯಾರ ಹೆಸರಿದೆ, ಏಕಿದೆಯೆಂದು ಕೇಳಲು 2005ರಿಂದ ಮಾಹಿತಿ ಹಕ್ಕು ಕಾಯಿದೆ ಇದೆ. ದಲ್ಲಾಳಿಗೆ 20 ಸಾವಿರ ಕೊಡುವ ಬದಲು 10 ರೂಪಾಯಿಯ ಅರ್ಜಿ ಹಾಕುವವರು ಪ್ರತಿ ಮೊಹಲ್ಲಾದಲ್ಲಿ ಇಬ್ಬರಾದರೂ ಇರಲಿ.

ಮುಖ್ಯವಾಗಿ, ಮೀಸಲಿಟ್ಟ ಪಾಲು ಕಾಗದದ ಮೇಲೆ 15 ಆದ ಮಾತ್ರಕ್ಕೆ 15 ಮನೆಗಳು ಏಳುವುದಿಲ್ಲ. ದಾಖಲೆ ಸರಿಯಿರುವ ಅರ್ಜಿಗಳು ಅಷ್ಟಿರಬೇಕು.

ಆದ್ದರಿಂದ ಈ ಸಭೆಯ ಮುಂದೆ ನಾವು ಇಡುವ ಸಲಹೆಗಳು ಸರಳವಾದವು. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಮನೆಗಳ ಒಂದು ಪಟ್ಟಿ ಮಾಡಲಿ: ಯಾರು ಬಾಡಿಗೆಗಿದ್ದಾರೆ, ಯಾರದ್ದು ಹಕ್ಕುಪತ್ರವಿಲ್ಲದ ಸರಕಾರಿ ಜಾಗ, ಯಾರದ್ದು ವಿಭಾಗವಾಗದ ಪಿತ್ರಾರ್ಜಿತ. ಈ ಮೂವರಿಗೂ ಬೇಕಾದ ಔಷಧ ಬೇರೆ ಬೇರೆ. ವಿಭಾಗವಾಗದ ಮನೆಗಳಿಗೆ ವಾರೀಸು ನಿಯಮ ಬಲ್ಲ ಒಬ್ಬ ಆಲಿಮ್, ಒಬ್ಬ ವಕೀಲ, ಹೆಣ್ಣುಮಕ್ಕಳು ಮನಬಿಚ್ಚಿ ಮಾತನಾಡಬಲ್ಲ ಒಬ್ಬ ಹಿರಿಯ ಮಹಿಳೆ, ಈ ಮೂವರ ಸಮಿತಿ ಸಾಕು. ಮಹಿಳೆ ಇಲ್ಲದ ಸಮಿತಿಯನ್ನು ಮಾಡಲೇಬೇಡಿ, ಅದರಿಂದ ಸಹೋದರರ ಒಪ್ಪಂದವಾದೀತೇ ಹೊರತು ವಿಭಾಗವಾಗದು.

ಹೆಸರುಗಳ ಗೊಂದಲವನ್ನೂ ಸರಿಪಡಿಸಿಕೊಳ್ಳಬೇಕು. ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಮಹಮ್ಮದ್, ಬ್ಯಾಂಕಿನಲ್ಲಿ ಎಂಡಿ. ಹೆಂಡತಿ ಒಂದರಲ್ಲಿ ಬೀ, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಬಾನು. ಕಂಪ್ಯೂಟರಿಗೆ ಇವರು ಆರು ಮಂದಿ! ಅರ್ಜಿ ತಿರಸ್ಕೃತವಾದ ಮೇಲೆ ತಿದ್ದುಪಡಿಗೆ ಓಡಾಡುವುದಕ್ಕಿಂತ ಈಗಲೇ ಮಾಡಿಸುವುದು ಮೇಲು.

ಕೊನೆಯದಾಗಿ ಕಂತಿನ ವಿಷಯ. ಸಹಾಯಧನ ಒಮ್ಮೆಲೇ ಕೈಗೆ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಎಂದು ಹಂತ ಮುಗಿದಂತೆ ಸ್ಥಳದಲ್ಲೇ ಫೋಟೋ ತೆಗೆದು ದಾಖಲಿಸಿದ ಬಳಿಕ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ಅಂದರೆ ಪ್ರತಿ ಹಂತಕ್ಕೂ ಮೊದಲು ಕೈಯಿಂದ ಖರ್ಚು ಮಾಡಬೇಕು. ದಿನಗೂಲಿಯ ಮನುಷ್ಯ ತಳಪಾಯಕ್ಕೆ ಹಣ ತರುವುದು ಎಲ್ಲಿಂದ? ವಾರದ ಬಡ್ಡಿಯವನಿಂದ, ಇಲ್ಲವೇ ಮೈಕ್ರೋ ಫೈನಾನ್ಸ್‌ನಿಂದ. ಬಡ್ಡಿಯಿಲ್ಲದ ಬಾಗಿಲಿನಿಂದ ಒಳಬಂದವನು ಹೀಗೆ ಹಿತ್ತಿಲ ಬಾಗಿಲಿನಿಂದ ಬಡ್ಡಿಗೆ ಬೀಳುತ್ತಾನೆ. ಬೈತುಲ್ ಮಾಲ್ ಇರುವ ಜಮಾಅತ್‌ಗಳು ಇಲ್ಲಿ ಮಾಡಬಹುದಾದ ದೊಡ್ಡ ಕೆಲಸವಿದೆ. ತಳಪಾಯಕ್ಕೆ ಬೇಕಾದ ಮೊತ್ತವನ್ನು ಕರ್ಝೆ ಹಸನ್ ಆಗಿ ಕೊಟ್ಟು, ಸರಕಾರದ ಕಂತು ಬಂದೊಡನೆ ಹಿಂಪಡೆದು, ಅದೇ ಹಣವನ್ನು ಮುಂದಿನ ಮನೆಗೆ ಕೊಡಬಹುದು. ಐದು ಲಕ್ಷದ ಒಂದು ನಿಧಿ ಹೀಗೆ ಕೈಯಿಂದ ಕೈಗೆ ತಿರುಗುತ್ತಿದ್ದರೆ ಎಷ್ಟು ಮನೆಗಳ ತಳಪಾಯವನ್ನು ಎತ್ತಬಹುದೆಂದು ಲೆಕ್ಕ ಹಾಕಿ. ಮಸ್ಜಿದ್‌ನ ಮಿನಾರವನ್ನು ಹತ್ತು ಅಡಿ ಎತ್ತರಿಸಲು ಚಂದಾ ಎತ್ತುವ ಊರುಗಳು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಲಿ.

ಬಂದವರು ಹಿಂದಿರುಗುವ ಮುನ್ನ ತಮ್ಮ ಮೊಹಲ್ಲಾದಲ್ಲಿ ವಿಭಾಗವಾಗದ ಮನೆಗಳೆಷ್ಟಿವೆಯೆಂದು ಒಂದು ಅಂದಾಜನ್ನಾದರೂ ಬರೆದುಕೊಡಬೇಕೆಂದು ಕೋರುತ್ತೇವೆ. ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ. ಪ್ರಶ್ನೆಗಳನ್ನು ಕೇಳಬಹುದು. ಸಹೋದರಿಯರ ಕಡೆಯಿಂದ ಮೊದಲು ಬರಲಿ.